ಸ್ಲೋ ಮಾಡು ಅಂದ್ರೆ ಯಾವುದನ್ನ?

ಹೋದ ಭಾನುವಾರ ಬೆಳಿಗ್ಗೆ ಅಮ್ಮ ಹಾಲು ಕಾಯೋಕೆ ಇಟ್ಟು ಹಿತ್ತಲಿಗೆ ಹೋಗಿದ್ದರು. ನಾನು ಟಿವಿ ಮುಂದೆ ಕೂತಿದ್ದೆ. ಹಿತ್ತಲಿಂದ ಕೂಗು ಬಂತು. "ಲೋ, ಸ್ವಲ್ಪ ಸ್ಲೋ ಮಾಡೋ!" ನಾನು ರಿಮೋಟ್ ತಗೊಂಡು ಟಿವಿ ಸೌಂಡ್ ಕಡಿಮೆ ಮಾಡಿದೆ. ಎರಡು ನಿಮಿಷಕ್ಕೆ ಸೀದ ವಾಸನೆ. ಹಾಲು ಉಕ್ಕಿ, ಒಲೆ ಮೇಲೆಲ್ಲ ಹರಿದು, ಬರ್ನರ್ ಆರಿಹೋಗಿತ್ತು.

ತಪ್ಪು ಯಾರದು ಅಂತ ಸ್ವಲ್ಪ ಹೊತ್ತು ವಾದ ನಡೆಯಿತು. "ಸ್ಲೋ ಮಾಡು ಅಂದ್ರೆ ಅಷ್ಟೂ ಗೊತ್ತಾಗಲ್ವಾ?" ಅಂದರು ಅಮ್ಮ. ಗೊತ್ತಾಗಲ್ಲ, ನಿಜವಾಗಿ. ನಮ್ಮ ಮನೆಯಲ್ಲಿ ಫ್ಯಾನ್ ಸ್ಲೋ ಮಾಡುತ್ತಾರೆ, ಟಿವಿ ಸ್ಲೋ ಮಾಡುತ್ತಾರೆ, ಗ್ಯಾಸ್ ಸ್ಲೋ ಮಾಡುತ್ತಾರೆ. ನಾನು ಬೈಕ್ ತೆಗೆದರೆ ಅದನ್ನೂ ಸ್ಲೋ ಮಾಡಬೇಕು. ಇಂಗ್ಲಿಷ್ ಮನೆಮಾತಿನವರನ್ನು ಕೇಳಿದರೆ ಫ್ಯಾನ್ ಮತ್ತು ಬೈಕಿಗೆ ಮಾತ್ರ ಹೂಂ ಅನ್ನುತ್ತಾರೆ. ಸೌಂಡು, ಉರಿ ಎರಡನ್ನೂ ಅವರು ಇಳಿಸುತ್ತಾರೆ, ಸ್ಲೋ ಮಾಡುವುದಿಲ್ಲ. ಸ್ಲೋ ಆದ ಸೌಂಡ್ ಅಂದರೆ ಅವರಿಗೆ ನೆನಪಾಗುವುದು ಸೆಲ್ ವೀಕ್ ಆದ ಹಳೇ ಟೇಪ್ ರೆಕಾರ್ಡರ್, ಹಾಡು ಎಳೆದೆಳೆದು ದಪ್ಪ ದನಿಯಲ್ಲಿ ಬರುತ್ತಿತ್ತಲ್ಲ, ಅದು.

ಹಾಗಾದರೆ ನಮಗೆ ಈ ಅರ್ಥ ಎಲ್ಲಿಂದ ಬಂತು? ನನ್ನ ಪ್ರಕಾರ, 'ಮೆಲ್ಲಗೆ' ಅನ್ನುವ ನಮ್ಮದೇ ಪದದಿಂದ. ಮೆಲ್ಲಗೆ ನಡಿ ಅಂದರೆ ನಿಧಾನಕ್ಕೆ ನಡಿ. ಮೆಲ್ಲಗೆ ಮಾತಾಡು, ಮಗು ಮಲಗಿದೆ ಅಂದರೆ ಸಣ್ಣ ದನಿಯಲ್ಲಿ ಮಾತಾಡು. ಮೆಲ್ಲಗೆ ಇಡು ಅಂದರೆ ಸದ್ದಾಗದ ಹಾಗೆ, ಒಡೆಯದ ಹಾಗೆ ಇಡು. ಮೆಲುದನಿ, ಮೆಲುಗಾಳಿ ಎಲ್ಲ ಇದೇ ಬಳಗ. ಜೋರು ಎಲ್ಲಿ ಕಮ್ಮಿ ಆದರೂ ಸರಿ, ವೇಗದಲ್ಲೋ ಸದ್ದಿನಲ್ಲೋ ಪೆಟ್ಟಿನಲ್ಲೋ, ಕನ್ನಡಕ್ಕೆ ಅದು ಮೆಲ್ಲಗೆ. 'ಜೋರು' ಪದವೂ ಹಾಗೇ ಅಲ್ವಾ? ಜೋರು ಮಳೆ, ಜೋರು ಸೌಂಡು, ಜೋರಾಗಿ ಓಡಿಸಬೇಡ. ಈ ಜೋಡಿ ತಲೆಯಲ್ಲಿ ಇಟ್ಟುಕೊಂಡೇ ನಾವು ಇಂಗ್ಲಿಷ್ ಪದ ತಂದೆವು. ಜೋರಿನ ಎದುರು ಸ್ಲೋ ಕೂರಿಸಿದೆವು. ಪದ ಇಂಗ್ಲಿಷಿನದು, ಒಳಗಿನ ಲೆಕ್ಕ ಕನ್ನಡದ್ದು.

ಊರೊಳಗೆ ಇದರಿಂದ ಹೆಚ್ಚು ತೊಂದರೆ ಇಲ್ಲ, ಹಾಲು ಉಕ್ಕಿದ್ದು ಬಿಟ್ಟರೆ. ಹೊರಗಿನವರ ಜೊತೆ ಬರುತ್ತದೆ. ಒಮ್ಮೆ ಆಫೀಸಿನಲ್ಲಿ ನನ್ನ ಪಕ್ಕದ ಸೀಟಿಗೆ ವಿದೇಶದಿಂದ ಬಂದ ಸಹೋದ್ಯೋಗಿ ಕೂತಿದ್ದ. ಫೋನಿನಲ್ಲಿ ಭಾರೀ ಗಟ್ಟಿ ದನಿ ಅವನದು. ನಾನು ಮೆಲ್ಲಗೆ ಮಾತಾಡಪ್ಪ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಹಾಕಿ 'ಸ್ಪೀಕ್ ಸ್ಲೋಲಿ' ಅಂದೆ. ಪಾಪ, ಒಳ್ಳೆಯವನು. ಹೇಳಿದ ಹಾಗೇ ಮಾಡಿದ. ಒಂದೊಂದು ಪದವನ್ನೂ ಬಿಡಿಸಿ, ನಡುವೆ ಜಾಗ ಕೊಟ್ಟು, ಅದೇ ಗಟ್ಟಿ ದನಿಯಲ್ಲಿ ಮುಂದುವರಿಸಿದ. ಹತ್ತು ನಿಮಿಷದ ಕಾಲ್ ಇಪ್ಪತ್ತು ನಿಮಿಷ ಆಯಿತು.

ಆವತ್ತಿನಿಂದ ಈ ಪುಟ್ಟ ಪದದ ಹಿಂದೆ ಬಿದ್ದಿದ್ದೇನೆ. ಇಂಗ್ಲಿಷಿನಲ್ಲೇ ಅದು ಎಷ್ಟು ವೇಷ ಹಾಕುತ್ತದೆ ಅಂತ ನೋಡಿದರೆ ನಮ್ಮನ್ನು ಮಾತ್ರ ಬೈಯುವುದು ನ್ಯಾಯವಲ್ಲ.

ಮೊದಲನೆಯ ಆಶ್ಚರ್ಯ ಏನೆಂದರೆ, ಈ ಪದ ಹುಟ್ಟಿದ್ದು ವೇಗ ಅಳೆಯೋಕೆ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ 'ಸ್ಲಾವ್'. ಆಗ ಅದರ ಅರ್ಥ ಸೋಮಾರಿ, ಜಡ, ಚುರುಕಿಲ್ಲದವನು. ಬೈಗುಳಕ್ಕೆ ಹತ್ತಿರದ್ದು. ಹೊತ್ತು ಹಿಡಿಯುವ, ನಿಧಾನಕ್ಕೆ ಚಲಿಸುವ ಅನ್ನುವ ಅರ್ಥ ಬಲವಾದದ್ದು ಆಮೇಲೆ. ಸೋಮಾರಿತನಕ್ಕೆ ಇಂಗ್ಲಿಷಿನಲ್ಲಿ ಇರುವ 'ಸ್ಲಾತ್' ಕೂಡ ಇದೇ ಸ್ಲೋಗೆ ಬಾಲ ಅಂಟಿಸಿ ಮಾಡಿದ ಪದ. ದಕ್ಷಿಣ ಅಮೆರಿಕದ ಮರಗಳಲ್ಲಿ ತಲೆಕೆಳಗಾಗಿ ನೇತಾಡುವ ಪ್ರಾಣಿಗೆ ಆ ಹೆಸರು ಇಟ್ಟರು.

ಅಲ್ಲಿಂದ ಅದು ನಮ್ಮ ಕರಡಿಗೂ ತಗುಲಿಕೊಂಡಿತು. ಹಂಪಿ ಹತ್ತಿರದ ದರೋಜಿ ಕರಡಿಧಾಮಕ್ಕೆ ಹೋದವರು ಬೋರ್ಡಿನಲ್ಲಿ 'ಸ್ಲಾತ್ ಬೇರ್' ಅಂತ ಓದಿರುತ್ತೀರಿ. ಇದು ಸೋಮಾರಿ ಕರಡಿ ಅಂತಲ್ಲ. 1791ರಲ್ಲಿ ಜಾರ್ಜ್ ಶಾ ಅನ್ನುವ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಇದರ ಉದ್ದ ಉಗುರು, ಹಲ್ಲಿನ ಸಾಲು ನೋಡಿ ಕರಡಿಯಂಥ ಸ್ಲಾತ್ ಅಂದುಕೊಂಡು ಆ ಗುಂಪಿಗೆ ಸೇರಿಸಿಬಿಟ್ಟ. ಆಮೇಲೆ ಕರಡಿ ಅಂತ ಗೊತ್ತಾಯಿತು, ಹೆಸರು ಮಾತ್ರ ತಿರುವುಮುರುವಾಗಿ ಉಳಿಯಿತು. ಬಂಡೆ ಮೇಲೆ ಬೆಲ್ಲದ ಪಾಕ ನೆಕ್ಕುವಾಗ ಸಾಧುವಾಗಿ ಕಾಣಬಹುದು. ಓಡೋಕೆ ನಿಂತರೆ ಮನುಷ್ಯನನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಆ ಕಡೆಯ ಹೊಲದವರಿಗೆ ಯಾರೂ ಇದನ್ನ ಸ್ಲೋ ಅಂತ ಹೇಳಿಕೊಡಬೇಕಾಗಿಲ್ಲ, ಬಿಡಿ.

ಇದಕ್ಕೆ ಉಲ್ಟಾ ಒಂದು ಉಂಟು. ಇಂಗ್ಲೆಂಡಿನ ತೋಟಗಳಲ್ಲಿ ಕಾಲಿಲ್ಲದ ಒಂದು ಹಲ್ಲಿ ಇದೆ, ನೋಡೋಕೆ ಹಾವಿನ ಹಾಗೆ. ಹೆಸರು 'ಸ್ಲೋ ವರ್ಮ್'. ಆ ಸ್ಲೋಗೂ ನಿಧಾನಕ್ಕೂ ಮೂಲದಲ್ಲಿ ಸಂಬಂಧವೇ ಇಲ್ಲ. ಅದು ಬೇರೆಯದೇ ಹಳೇ ಪದ, ಉಚ್ಚಾರ ಸವೆದು ಸವೆದು ಒಂದೇ ಥರ ಆಯಿತು, ಅಷ್ಟೇ.

ಹುಟ್ಟುಗುಣ ಅಷ್ಟು ಬೇಗ ಹೋಗುತ್ತಾ? ಬುದ್ಧಿಯನ್ನು ಅಳೆಯುವ ಹಳೇ ಅರ್ಥ ಈಗಲೂ ಜೀವಂತ ಇದೆ. ಪೇರೆಂಟ್ಸ್ ಮೀಟಿಂಗಿನಲ್ಲಿ "ನಿಮ್ಮ ಹುಡುಗ ಸ್ವಲ್ಪ ಸ್ಲೋ" ಅಂದರೆ ಯಾವ ತಾಯಿಯೂ ನಡಿಗೆಯ ಬಗ್ಗೆ ಅಂದುಕೊಳ್ಳುವುದಿಲ್ಲ. ದಡ್ಡ ಅನ್ನೋಕೆ ಬಾಯಿ ಬಾರದ ಕಡೆ ಬಳಸುವ ಮೆತ್ತನೆಯ ಪದ ಅದು. ಮೆತ್ತನೆಯ ಪದಗಳ ಕಷ್ಟ ಏನೆಂದರೆ, ಬಳಸಿ ಬಳಸಿ ಅವಕ್ಕೂ ಮುಳ್ಳು ಮೂಡುತ್ತದೆ. ಲ್ಯಾಟಿನ್‌ನಲ್ಲಿ ನಿಧಾನಕ್ಕೆ 'ಟಾರ್ಡುಸ್' ಅಂತಾರೆ. ಅದರಿಂದ ಬಂದ 'ರಿಟಾರ್ಡ್' ಫ್ರೆಂಚರ ರೈಲ್ವೆ ಬೋರ್ಡಿನಲ್ಲಿ, ರತಾರ್ ಅನ್ನುವ ಅವರ ಉಚ್ಚಾರದಲ್ಲಿ, ರೈಲು ತಡ ಅಂತ ಹೇಳುವ ಸಾಧು ಪದ. ಪಾಶ್ಚಾತ್ಯ ಸಂಗೀತದ ಹಾಳೆಯಲ್ಲಿ ಅದೇ ಬೇರಿನ 'ರಿಟಾರ್ಡಾಂಡೋ' ಅಂದರೆ ಇಲ್ಲಿಂದ ಲಯ ಇಳಿಸುತ್ತ ಬಾ ಅಂತ. ಇಂಗ್ಲಿಷ್ ಡಾಕ್ಟರುಗಳು ಬುದ್ಧಿ ಬೆಳವಣಿಗೆಗೆ ಆ ಪದ ಹಚ್ಚಿದರು, ಹಳೇ ಬೈಗುಳಗಳಿಗಿಂತ ಇದು ಮೇಲು ಅಂತ. ಕೊನೆಗೆ ಬೀದಿಯಲ್ಲಿ ಅದೇ ಬೈಗುಳವಾಯಿತು. 2010ರಲ್ಲಿ ಅಮೆರಿಕ 'ರೋಸಾಸ್ ಲಾ' ಅನ್ನುವ ಕಾನೂನು ಮಾಡಿ ಕೇಂದ್ರ ಸರ್ಕಾರದ ಹಲವು ಕಾಯ್ದೆಗಳಿಂದ ಅದನ್ನು ತೆಗೆಯಬೇಕಾಯಿತು.

ನಮ್ಮ 'ಮಂದ' ಕೂಡ ಅದೇ ದಾರಿ ಹಿಡಿದಿದೆ. ಮಂದಹಾಸ ಅಂದರೆ ಹೊಗಳಿಕೆ, ಮಂದಬುದ್ಧಿ ಅಂದರೆ ಹೊಡೆತ. ನಡುವೆ ಅಡುಗೆಮನೆಗೆ ಹೋಗಿ ಸಾರು ಮಂದವಾಯಿತು ಅಂದರೆ ಗಟ್ಟಿಯಾಯಿತು, ಹೊಟ್ಟೆ ಮಂದ ಅಂದರೆ ಜೀರ್ಣ ಆಗಿಲ್ಲ. ಶನಿಗೂ ಮಂದ ಅನ್ನುವ ಹೆಸರಿದೆ. ಶನಿಯ ಪೂರ್ತಿ ಹೆಸರು ಶನೈಶ್ಚರ, ಮೆಲ್ಲಗೆ ಸಾಗುವವನು ಅಂತ. ಬರಿಗಣ್ಣಿಗೆ ಚೆನ್ನಾಗಿ ಕಾಣುವ ಗ್ರಹಗಳಲ್ಲಿ ಒಂದು ಸುತ್ತು ಮುಗಿಸೋಕೆ ಅತಿ ಹೆಚ್ಚು ಹೊತ್ತು, ಸುಮಾರು ಇಪ್ಪತ್ತೊಂಬತ್ತೂವರೆ ವರ್ಷ, ತೆಗೆದುಕೊಳ್ಳುವವನು ಅವನೇ. ಒಂದು ರಾಶಿಗೆ ಎರಡೂವರೆ ವರ್ಷ ಅನ್ನುವ ಲೆಕ್ಕ, ಮೂರು ರಾಶಿಗೆ ಏಳೂವರೆ ವರ್ಷದ ಸಾಡೇಸಾತಿ, ಎಲ್ಲ ಅಲ್ಲಿಂದಲೇ. ಅಂದರೆ ಶನಿವಾರ ಅನ್ನುವುದೇ ಒಂದು ಸ್ಲೋ ವಾರ.

ಸ್ಲೋ ಹೊಗಳಿಕೆ ಆಗುವುದೂ ಉಂಟು. ಇಂಗ್ಲಿಷ್ ಬೈಬಲ್ ದೇವರನ್ನು 'ಸ್ಲೋ ಟು ಆಂಗರ್' ಅನ್ನುತ್ತದೆ, ಸಿಟ್ಟಾಗೋಕೆ ನಿಧಾನ ಅಂತ. ಕನ್ನಡ ಬೈಬಲ್‌ನಲ್ಲಿ ಇದಕ್ಕೆ 'ದೀರ್ಘಶಾಂತ' ಅಂತ ಇದೆ. ನಿಧಾನ ಅನ್ನುವ ಪದವನ್ನೇ ಮುಟ್ಟದೆ ಇಡೀ ಅರ್ಥ ಹಿಡಿದಿದ್ದಾರೆ. ಸ್ಲೋ ಅನ್ನುವುದನ್ನು ಕನ್ನಡಕ್ಕೆ ತಂದವರಲ್ಲಿ ಇವರಿಗಿಂತ ಚೆನ್ನಾಗಿ ಮಾಡಿದವರನ್ನು ನಾನು ನೋಡಿಲ್ಲ.

ಇನ್ನು ಗಡಿಯಾರಕ್ಕೆ ಬರೋಣ. ತಲೆ ತಿರುಗುವುದು ಇಲ್ಲಿ. ಗೋಡೆ ಗಡಿಯಾರ 'ಹತ್ತು ನಿಮಿಷ ಸ್ಲೋ ಇದೆ' ಅಂತಾರೆ. ಅದು ನಿಧಾನಕ್ಕೆ ಓಡುತ್ತಿದೆಯಾ? ಇರಬೇಕೆಂದಿಲ್ಲ. ಸೆಲ್ ಬದಲಾಯಿಸುವಾಗ ಹತ್ತು ನಿಮಿಷ ನಿಂತು, ಮತ್ತೆ ಸರಿಯಾದ ವೇಗದಲ್ಲೇ ಓಡುತ್ತಿರಬಹುದು. ಮುಳ್ಳಿನ ಓಟ ಸರಿ ಇದೆ, ಇರುವ ಜಾಗ ತಪ್ಪಾಗಿದೆ. ಇನ್ನೊಂದು ಗಡಿಯಾರ ಈಗ ಸರಿಯಾದ ಹೊತ್ತನ್ನೇ ತೋರಿಸುತ್ತಿರಬಹುದು, ಆದರೆ ದಿನಕ್ಕೆ ಎರಡು ನಿಮಿಷ ಬಿಟ್ಟುಕೊಡುತ್ತಿರಬಹುದು. ನಿಜವಾಗಿ ಸ್ಲೋ ಅದು. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಹಾಕುತ್ತದೆ, ಕ್ರಿಯಾಪದ ಮಾತ್ರ ಬದಲಿಸುತ್ತದೆ: ಒಂದು ಸ್ಲೋ 'ಇದೆ', ಇನ್ನೊಂದು ಸ್ಲೋ 'ಓಡುತ್ತಿದೆ'. ಕನ್ನಡದಲ್ಲಿ ಈ ಗೊಂದಲವೇ ಬರುವುದಿಲ್ಲ. ಮೊದಲನೆಯದು ಹತ್ತು ನಿಮಿಷ ಹಿಂದಿದೆ. ಎರಡನೆಯದು ನಿಧಾನಕ್ಕೆ ಓಡುತ್ತಿದೆ. ಎಷ್ಟು ಸಲೀಸು ನೋಡಿ. ಆದರೂ ನಾವು 'ವಾಚು ಸ್ಲೋ' ಅಂತ ಹೇಳಿ ಗೊಂದಲವನ್ನು ಕೈಯಾರೆ ಮನೆಗೆ ಕರೆದುಕೊಳ್ಳುತ್ತೇವೆ.

ರೈಲಿನದು ಇನ್ನೊಂದು ಕಥೆ. ಮುಂಬೈನಲ್ಲಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಸ್ಲೋ ಲೋಕಲ್, ಫಾಸ್ಟ್ ಲೋಕಲ್ ಅಂತ ಎರಡು ಬಗೆ. ಹೊಸಬರು ಸ್ಲೋ ಲೋಕಲ್ ಅಂದರೆ ತೆವಳುವ ಗಾಡಿ ಅಂದುಕೊಳ್ಳುತ್ತಾರೆ. ಗಾಡಿ ಅದೇ, ಎಂಜಿನ್ ಅದೇ. ಸ್ಲೋ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಫಾಸ್ಟ್ ನಡುವೆ ಕೆಲವನ್ನು ಬಿಟ್ಟು ಹೋಗುತ್ತದೆ. ಇಲ್ಲಿ ಸ್ಲೋ ಅನ್ನುವುದು ಒಟ್ಟು ಪ್ರಯಾಣದ ಲೆಕ್ಕ. ಗಡಿಬಿಡಿಯಲ್ಲಿ ಫಾಸ್ಟ್ ಹತ್ತಿ, ಇಳಿಯಬೇಕಾದ ಸ್ಟೇಷನ್ ಕಣ್ಣೆದುರೇ ಹಾದುಹೋಗುವುದನ್ನು ಬಾಗಿಲಲ್ಲಿ ನಿಂತು ನೋಡಿದವರಿಗೆ ಈ ವ್ಯತ್ಯಾಸ ಜನ್ಮದಲ್ಲಿ ಮರೆಯುವುದಿಲ್ಲ.

ಕ್ರಿಕೆಟ್ಟಿನಲ್ಲಿ ಸ್ಲೋ ಅನ್ನುವುದು ಒಂದು ಜಾತಿಯೇ ಆಗಿಬಿಟ್ಟಿದೆ. ಸ್ಪಿನ್ ಹಾಕುವವರನ್ನು ಇಂಗ್ಲಿಷಿನವರು ಸ್ಲೋ ಬೌಲರ್ ಅಂತಾರೆ. ಎಡಗೈ ಸ್ಪಿನ್ನರ್‌ನ ಅಧಿಕೃತ ವಿವರವೇ 'ಸ್ಲೋ ಲೆಫ್ಟ್ ಆರ್ಮ್'. ಸ್ಲೋ ಬೌಲರ್‌ಗಳ ಪಟ್ಟಿಯಲ್ಲಿ ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ ಕೂಡ ಬರುತ್ತಾರೆ, ಅವರದು ಬಲಗೈ. ಚಿಕ್ಕಂದಿನ ಪೋಲಿಯೋದಿಂದ ಬಲಗೈ ಸಣಕಲಾಗಿತ್ತು. ಆ ಕೈಯಿಂದಲೇ ಮಧ್ಯಮ ವೇಗಿಗಳಿಗೆ ಹತ್ತಿರದ ವೇಗದಲ್ಲಿ ಗೂಗ್ಲಿ ಬಿಡುತ್ತಿದ್ದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ತೆಗೆದಾಗ ಇಂಗ್ಲೆಂಡಿನ ಬ್ಯಾಟ್ಸ್‌ಮನ್‌ಗಳಿಗೆ ಅದರಲ್ಲಿ ಸ್ಲೋ ಯಾವುದು ಅಂತ ಕಂಡಿರಲಿಕ್ಕಿಲ್ಲ. ಕುಂಬ್ಳೆಯವರ ಫ್ಲಿಪ್ಪರ್ ಎದುರಿಸಿದವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಪಿಚ್ ಕೂಡ ಸ್ಲೋ ಆಗುತ್ತದೆ. ನೆಲ ಎಲ್ಲಿಗೂ ಹೋಗುವುದಿಲ್ಲ, ಹಾಗಾದರೆ ಸ್ಲೋ ಹೇಗೆ? ಚೆಂಡು ನೆಲಕ್ಕೆ ಬಿದ್ದಾಗ ಮೆತ್ತನೆಯ ಅಥವಾ ಪುಡಿಯಾದ ಮಣ್ಣು ಅದರ ವೇಗ ಹೆಚ್ಚು ಕುಡಿದುಬಿಡುತ್ತದೆ. ಚೆಂಡು ಬ್ಯಾಟಿಗೆ ಒಂದು ಚಿಟಿಕೆ ತಡವಾಗಿ ಬರುತ್ತದೆ. ಆ ಚಿಟಿಕೆಯಲ್ಲಿ ಬ್ಯಾಟು ಆಗಲೇ ತಿರುಗಿಬಿಟ್ಟಿರುತ್ತದೆ, ಕ್ಯಾಚು ಶಾರ್ಟ್ ಕವರಿಗೆ. ವೆಂಕಟೇಶ್ ಪ್ರಸಾದ್ ಇದೇ ಆಟವನ್ನು ಪಿಚ್ಚಿನ ಹಂಗಿಲ್ಲದೆ, ಬೆರಳಿನಲ್ಲೇ ಆಡುತ್ತಿದ್ದರು. ಅದೇ ಓಟ, ಅದೇ ಕೈ ಬೀಸು, ಚೆಂಡು ಮಾತ್ರ ಸಾವಕಾಶ.

ಬ್ಯಾಟಿಂಗಿನ ಸ್ಲೋಗೆ 1975ರ ಜೂನ್ 7ನೇ ತಾರೀಖಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಮೊದಲ ವಿಶ್ವಕಪ್ಪಿನ ಮೊದಲ ದಿನ, ಲಾರ್ಡ್ಸ್. ಇಂಗ್ಲೆಂಡ್ 60 ಓವರಿಗೆ 334. ಗಾವಸ್ಕರ್ 60 ಓವರೂ ನಿಂತು 174 ಎಸೆತಕ್ಕೆ 36 ರನ್, ನಾಟೌಟ್. ನಮ್ಮ ತಂದೆಗೆ ಈ ಸ್ಕೋರು ಬಾಯಿಪಾಠ. ಯಾರಾದರೂ ಕೆಲಸಕ್ಕೆ ತಡ ಮಾಡಿದರೆ "ಏನೋ, ಲಾರ್ಡ್ಸ್‌ನಲ್ಲಿದೀಯಾ?" ಅಂತ ಕೇಳುತ್ತಾರೆ.

ವಿಜ್ಞಾನಿಗಳ ಕೈಯಲ್ಲಿ ಸ್ಲೋ ಪದಕ್ಕೆ ಬಂದ ಗತಿ ನನಗೆ ತುಂಬ ಇಷ್ಟ. 1934ರ ಅಕ್ಟೋಬರ್‌ನಲ್ಲಿ ರೋಮ್‌ನಲ್ಲಿ ಎನ್ರಿಕೋ ಫರ್ಮಿ ಮತ್ತು ಗೆಳೆಯರು ಲೋಹಗಳ ಮೇಲೆ ನ್ಯೂಟ್ರಾನ್ ಹೊಡೆದು ನೋಡುತ್ತಿದ್ದರು. ನಡುವೆ ಪ್ಯಾರಾಫಿನ್ ಮೇಣದ ತುಂಡು ಇಟ್ಟರೆ ಪರಿಣಾಮ ಕಮ್ಮಿ ಆಗುವ ಬದಲು ಎಷ್ಟೋ ಪಟ್ಟು ಏರಿತು. ಮೇಣದಲ್ಲಿರುವ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ಹೊಡೆದು ನ್ಯೂಟ್ರಾನ್ ಸುಸ್ತಾಗುತ್ತದೆ. ಸುಸ್ತಾದ ನ್ಯೂಟ್ರಾನ್ ಪರಮಾಣುವಿನ ಹತ್ತಿರ ಹೆಚ್ಚು ಹೊತ್ತು ಇರುತ್ತದೆ, ಹಾಗಾಗಿ ಸಿಕ್ಕಿಬೀಳುವ ಸಂಭವ ಜಾಸ್ತಿ. ಜಾತ್ರೆಯಲ್ಲಿ ಓಡುತ್ತ ಹೋಗುವವನನ್ನು ಅಂಗಡಿಯವನು ಕರೆದು ಕೂರಿಸೋಕೆ ಆಗಲ್ಲ, ಅಡ್ಡಾಡುವವನನ್ನು ಕೂರಿಸಬಹುದು, ಹಾಗೆ. ಇದಕ್ಕೂ ಸೇರಿಸಿ 1938ರಲ್ಲಿ ಫರ್ಮಿಗೆ ನೊಬೆಲ್ ಬಂತು.

ಉತ್ತರ ಕನ್ನಡದ ಕೈಗಾ ಸ್ಥಾವರದೊಳಗೆ ನಡೆಯುವುದೂ ಇದೇ. ಅಲ್ಲಿ ಮೇಣದ ಬದಲು ಭಾರಜಲ. ಯುರೇನಿಯಂ ಒಡೆದಾಗ ಚಿಮ್ಮುವ ನ್ಯೂಟ್ರಾನ್‌ಗಳ ವೇಗ ಸೆಕೆಂಡಿಗೆ ಸುಮಾರು 20,000 ಕಿಲೋಮೀಟರ್. ಭಾರಜಲ ಅದನ್ನು ಸೆಕೆಂಡಿಗೆ ಎರಡು ಕಿಲೋಮೀಟರ್ ಚಿಲ್ಲರೆಗೆ ಇಳಿಸುತ್ತದೆ. ಆಗ ಅದಕ್ಕೆ 'ಸ್ಲೋ ನ್ಯೂಟ್ರಾನ್' ಅನ್ನುವ ಹೆಸರು. ಈ ಸ್ಲೋ ಲೆಕ್ಕದಲ್ಲಿ ಹೊರಟರೆ ಬೆಂಗಳೂರಿಂದ ಮೈಸೂರು ಸುಮಾರು ಒಂದು ನಿಮಿಷ.

ಸಿನಿಮಾದವರ ಸ್ಲೋ ಮೋಷನ್ ಇದಕ್ಕೂ ವಿಚಿತ್ರ. ಹೀರೋ ಕಾರಿಂದ ಇಳಿದು ಕೂದಲು ಹಾರಿಸುತ್ತ ನಡೆದು ಬರೋಕೆ ಕ್ಯಾಮೆರಾ ವೇಗವಾಗಿ ಓಡಬೇಕು. ಸೆಕೆಂಡಿಗೆ 48 ಫ್ರೇಮ್ ಹಿಡಿದು, ಎಂದಿನಂತೆ 24ರ ಲೆಕ್ಕದಲ್ಲಿ ತೋರಿಸಿದರೆ ಒಂದು ಸೆಕೆಂಡು ಎರಡಾಗುತ್ತದೆ. ಫೋಟೋದವರ 'ಸ್ಲೋ ಲೆನ್ಸ್' ಅಂದರೆ ಬೆಳಕು ಕಮ್ಮಿ ಬಿಡುವ ಲೆನ್ಸ್. ಬೆಳಕು ಸಾಲದೆ ಷಟರ್ ಹೆಚ್ಚು ಹೊತ್ತು ತೆರೆದಿರಬೇಕಲ್ಲ, ಅದಕ್ಕೆ ಲೆನ್ಸಿಗೇ ಆ ಬಿರುದು.

ವ್ಯಾಪಾರ ಸ್ಲೋ ಅನ್ನುವುದನ್ನು ನಾವು ಇಂಗ್ಲಿಷಿನವರಿಂದ ಅಷ್ಟಾಗಿ ತಗೊಳ್ಳಲಿಲ್ಲ, ಅದಕ್ಕೆ 'ಡಲ್' ಇದೆ. ಅಡುಗೆಯಲ್ಲಿ 'ಸಣ್ಣ ಉರಿ' ಎಷ್ಟು ಚೆಂದ ಇದೆ ಅಂದರೆ, ಸ್ಲೋ ಫೈರ್ ಅಂತ ಹೇಳುವ ಅಡುಗೆ ಭಟ್ಟರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ.

ವ್ಯಾಕರಣದ ಒಂದು ಜಗಳವನ್ನೂ ಹೇಳಿಬಿಡುತ್ತೇನೆ. ಶಾಲೆಯಲ್ಲಿ ನಮಗೆ 'ಡ್ರೈವ್ ಸ್ಲೋ' ತಪ್ಪು, 'ಡ್ರೈವ್ ಸ್ಲೋಲಿ' ಸರಿ ಅಂತ ಬೆತ್ತ ಹಿಡಿದು ಕಲಿಸಿದರು. ಹೊರಗೆ ಬಂದರೆ ಸರ್ಕಾರದ ಬೋರ್ಡಿನಲ್ಲೇ 'ಗೋ ಸ್ಲೋ'. ತಪ್ಪು ಯಾರದೂ ಅಲ್ಲ. ಬಾಲವಿಲ್ಲದೆ ಸ್ಲೋ ಅನ್ನು ಹೀಗೆ ಬಳಸುವುದು ಇಂಗ್ಲಿಷಿನಲ್ಲಿ ಶತಮಾನಗಳಿಂದ ಇದೆ. ಶೇಕ್ಸ್‌ಪಿಯರ್‌ನ ನಾಟಕದ ಡ್ಯೂಕ್ ಒಬ್ಬ ಮದುವೆಗೆ ಕಾಯುತ್ತ, ಈ ಹಳೇ ಚಂದ್ರ ಎಷ್ಟು ಸ್ಲೋ ಕರಗುತ್ತಾನಪ್ಪ ಅಂತ ಗೊಣಗುವಾಗಲೂ ಬಾಲ ಇಲ್ಲ. ಹೋಗು, ಓಡಿಸು ಅನ್ನುವಂಥ ಕ್ರಿಯಾಪದ ಆದಮೇಲೆ ಬಂದಾಗ ಬಾಲ ಬೇಕಿಲ್ಲ. ಕ್ರಿಯಾಪದಕ್ಕಿಂತ ಮೊದಲು ಬಂದರೆ ಈಗ ಸಾಮಾನ್ಯವಾಗಿ ಬೇಕು. ಇಷ್ಟೇ ವಿಷಯ, ಬೆತ್ತ ಬೇಕಿರಲಿಲ್ಲ. ವೇಲ್ಸ್‌ನ ರಸ್ತೆಗಳಲ್ಲಿ ಅವರ ಭಾಷೆಯ 'ಆರವ್' ಮತ್ತು ಇಂಗ್ಲಿಷಿನ ಸ್ಲೋ ಎರಡನ್ನೂ ದೊಡ್ಡ ಬಿಳಿ ಅಕ್ಷರದಲ್ಲಿ ಡಾಂಬರಿನ ಮೇಲೇ ಬರೆದಿರುತ್ತಾರೆ. ನಮ್ಮಲ್ಲಿ ಬೋರ್ಡಿಗಿಂತ ಹಂಪ್‌ ಮೇಲೆ ನಂಬಿಕೆ ಜಾಸ್ತಿ.

ಈ 'ಗೋ ಸ್ಲೋ' ಎರಡು ಕಡೆ ನಾಮಪದವಾಗಿ ಕೂತಿದೆ. ಕಾರ್ಖಾನೆಯಲ್ಲಿ ಮುಷ್ಕರ ಹೂಡದೆ, ಕೆಲಸವನ್ನೂ ಬಿಡದೆ, ಬೇಕೆಂದೇ ಆಮೆಗತಿಯಲ್ಲಿ ದುಡಿಯುವುದು ಗೋ-ಸ್ಲೋ. 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಪಟ್ಟಿಯಲ್ಲಿ, ಮಾಡಬಾರದ ಕಾರ್ಮಿಕ ನಡವಳಿಕೆಗಳ ಸಾಲಿನಲ್ಲಿ ಈ ಪದವನ್ನು ಹಾಗೇ ಹಾಕಿದ್ದರು. ನೈಜೀರಿಯಾದಲ್ಲಿ ಗೋ-ಸ್ಲೋ ಅಂದರೆ ಟ್ರಾಫಿಕ್ ಜಾಮ್. ಲಾಗೋಸ್‌ನವರು ಆಫೀಸಿಗೆ ತಡವಾದರೆ, ಗೋ-ಸ್ಲೋದಲ್ಲಿ ಸಿಕ್ಕಿಕೊಂಡೆ ಅಂತಾರೆ.

ಪದ ನನಗೆ ಹಿಡಿಸಿತು. ಮೊನ್ನೆ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ಆಫ್ ಮಾಡಿಕೊಂಡು ನಿಂತಿದ್ದಾಗ ಅಮ್ಮ ಫೋನ್ ಮಾಡಿದರು. ಎಲ್ಲಿದೀಯಾ ಅಂತ ಕೇಳಿದರು. "ಗೋ-ಸ್ಲೋದಲ್ಲಿದೀನಿ ಅಮ್ಮ" ಅಂದೆ.

"ಒಳ್ಳೇದು ಕಣೋ," ಅಂದರು. "ಹಾಗೇ ನಿಧಾನಕ್ಕೇ ಬಾ."